ಬೆಟ್ಟ ಹತ್ತಿದ ಗೊದಮೊಟ್ಟೆ

ಒಂದು ಕಾಡಿನಲ್ಲಿ ತೊರೆಯ ನೀರು ಎಲ್ಲರಿಗೂ ಪುಕ್ಕಟೆ ಸಿಗುತ್ತಿತ್ತು. ಅಂಥ ಕಡೆ ಒಂದು ನರಿ ನೀರಿನ ಅಂಗಡಿ ತೆರೆಯಿತು. ಸೋರೆ ಬುರುಡೆಗಳಲ್ಲಿ ನೀರು ತುಂಬಿ, ಬಾಯಿಗೆ ಜೇನುಮೇಣ ಮೆತ್ತಿ, ಹೊಟ್ಟೆಗೆ ಒಂದೊಂದು ಮುತ್ತುಗದ ಎಲೆ ಅಂಟಿಸಿತು. ಎಲೆಯ ಮೇಲೆ ದೊಡ್ಡ ಬೆಟ್ಟ, ಅದರಿಂದ ಧುಮುಕುವ ಝರಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಬೆಟ್ಟದ ಸಿರಿ’ ಎಂಬ ಹೆಸರು. ಅದಕ್ಕೂ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ಇನ್ನೂ ಏನೋ ಇತ್ತು. ಅಷ್ಟು ಬಗ್ಗಿ ಓದುವ ಪುರುಸೊತ್ತು ಯಾರಿಗಿತ್ತು?

ಕಾಡಿಗೆ ಕಾಡೇ ಹುಚ್ಚಾಯಿತು. ಒಂದು ಬುರುಡೆಗೆ ಒಂದು ಬುಟ್ಟಿ ಹಣ್ಣು ಕೊಟ್ಟು ಎಲ್ಲರೂ ಕೊಂಡರು. ಈ ನೀರು ಕುಡಿದ ಮೇಲೆ ತನ್ನ ಗರಿ ಹೊಳೆಯುತ್ತಿದೆ ಎಂದು ನವಿಲು ಹೇಳಿಕೊಂಡು ತಿರುಗಿತು. ಮಂಗಗಳು ಖಾಲಿ ಬುರುಡೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಮದುವೆಗೆ ಹೋದವು. ತೊರೆಗೆ ಬಾಯಿ ಹಾಕಿದವರನ್ನು ಕಂಡರೆ ಮೊಲಕ್ಕೂ ಅಸಡ್ಡೆ.

ಒಂದು ಬೆಳಿಗ್ಗೆ ಎಮ್ಮೆ ಹೊಂಡದ ಕಪ್ಪೆಯ ಮಗಳು ಗುಲಗಂಜಿ ಕಾಣೆಯಾದಳು. ಗುಲಗಂಜಿ ಇನ್ನೂ ಗೊದಮೊಟ್ಟೆ. ಒಂದು ತಲೆ, ಒಂದು ಬಾಲ, ಅಷ್ಟೇ ಅವಳು. ಹೊಂಡದಲ್ಲಿ ಮಲಗಿದ್ದ ಎಮ್ಮೆಯನ್ನು ಕೇಳಿದರೆ, ಈಗಷ್ಟೇ ನರಿ ಬಂದು ಬುರುಡೆಗಳನ್ನು ಮುಳುಗಿಸಿ ತುಂಬಿಕೊಂಡು ಹೋಯಿತು ಎಂದಿತು. ಕಪ್ಪೆ ಎದ್ದುಬಿದ್ದು ಅಂಗಡಿಗೆ ಕುಪ್ಪಳಿಸಿತು.

ಅಲ್ಲಿ ಆನೆ ಆ ದಿನದ ಬುರುಡೆಗಳನ್ನೆಲ್ಲ ಕೊಂಡು, ಮೊದಲನೆಯದನ್ನು ಬಾಯಿಯತ್ತ ಎತ್ತಿತ್ತು. ಆನೆ ಕುಡಿಯುವುದೆಂದರೆ ಬುರುಡೆಗೆ ಒಂದೇ ಗುಟುಕು. ಕಪ್ಪೆ ಹಾರಿ ಅದರ ಸೊಂಡಿಲಿಗೆ ಜೋತುಬಿದ್ದು, ಒಳಗೆ ತನ್ನ ಮಗಳಿರಬಹುದು, ಸ್ವಲ್ಪ ತಡೆ ಎಂದು ಅಂಗಲಾಚಿತು.

ನರಿ ಬಿದ್ದು ಬಿದ್ದು ನಕ್ಕಿತು. “ಕಪ್ಪೆಯಕ್ಕ, ನಿನ್ನ ಮಗಳಿರುವುದು ಕೆಸರಿನಲ್ಲಿ. ಇಲ್ಲಿ ಬೆಟ್ಟದ ಚಿತ್ರ ಕಾಣುತ್ತಿಲ್ಲವಾ?”

ಕಪ್ಪೆ ಚಿತ್ರ ನೋಡಲಿಲ್ಲ. ಒಂದೊಂದು ಬುರುಡೆಗೂ ಕಿವಿಗೊಟ್ಟಿತು. ಐದನೆಯದರಲ್ಲಿ ಟಪ್ ಟಪ್ ಎಂದು ಬಾಲ ಬಡಿಯುವ ಸದ್ದು. ಆನೆ ಮೇಣ ಕಿತ್ತಿತು. ಬುರುಡೆಯ ಬಾಯಲ್ಲಿ ಗುಲಗಂಜಿ ಮುಖ ಊದಿಸಿಕೊಂಡು ಮೇಲೆ ಬಂದಳು.

“ನರಿಯಣ್ಣ, ಕಾಲೇ ಮೂಡದ ನನ್ನ ಮಗಳು ಬೆಟ್ಟ ಹತ್ತಿದ್ದು ಯಾವಾಗ?” ಎಂದು ಕಪ್ಪೆ ಕೇಳಿತು.

ನರಿ ಗಂಟಲು ಸರಿಮಾಡಿಕೊಂಡಿತು. ಬೆಟ್ಟದ ನೀರು ಎಂದು ತಾನು ಎಲ್ಲೂ ಬರೆದಿಲ್ಲ, ಅದು ಬರೀ ಹೆಸರು, ನಿಜವನ್ನು ಕೆಳಗೆ ಬರೆದೇ ಇದೆ ಎಂದು ವಾದಿಸಿತು. ಆನೆ ಒಂದು ಇರುವೆಯನ್ನು ಎಲೆಯ ಮೇಲೆ ಹತ್ತಿಸಿತು. ಇರುವೆ ಅಕ್ಷರದಿಂದ ಅಕ್ಷರಕ್ಕೆ ನಡೆದು ಓದಿತು. “ಎಮ್ಮೆ ಹೊಂಡದಲ್ಲಿ ತುಂಬಿದ್ದು. ಚಿತ್ರ ಅಂದಕ್ಕೆ ಮಾತ್ರ.”

ಪಕ್ಕದಲ್ಲೇ ನಿಂತು ನಿನ್ನೆಯ ಬುರುಡೆಯಿಂದ ಹೀರುತ್ತಿದ್ದ ನವಿಲು ಬಾಯಲ್ಲಿದ್ದದ್ದನ್ನು ಅಲ್ಲೇ ಉಗುಳಿತು. ಆನೆ ಮಾತ್ರ ಕೂಗಾಡಲಿಲ್ಲ. ಉಳಿದ ಬುರುಡೆಗಳನ್ನು ನರಿಯ ಮುಂದೆ ಸಾಲಾಗಿ ಇಟ್ಟು, ಕುಡಿ ಎಂದಿತು. ನರಿ ತನಗೆ ಬಾಯಾರಿಕೆಯಿಲ್ಲ ಎಂದಿತು. ಆನೆಯ ಕಾಲು ಬಾಲದ ಮೇಲೆ ಬಂದಾಗ ಬಾಯಾರಿಕೆಯಾಯಿತು. ಮೂರು ದಿನ ಗುಹೆಗೂ ಪೊದೆಗೂ ಓಡಾಡಿ ಸುಸ್ತಾದ ನರಿ, ನಾಲ್ಕನೆಯ ದಿನ ಕಾಡನ್ನೇ ಬಿಟ್ಟಿತು.

ಗುಲಗಂಜಿ ಆನೆಯ ಸೊಂಡಿಲಿನಲ್ಲಿ ಸವಾರಿ ಮಾಡುತ್ತ ಮನೆಗೆ ಹೋದಳು. ಮಂಗಗಳು ಮಾತ್ರ ಅಂದಿನಿಂದ ಮರದ ಮಾವಿನಹಣ್ಣನ್ನೂ ತಿರುಗಿಸಿ ಮುರುಗಿಸಿ, ಅಡಿಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡಿಯೇ ತಿನ್ನುತ್ತಿದ್ದವು.

ನೀತಿ: ಚೀಟಿಯ ಮೇಲಿನ ಚಿತ್ರವನ್ನೂ ದೊಡ್ಡ ಹೆಸರನ್ನೂ ನಂಬಬೇಡಿ, ನೀರು ಎಲ್ಲಿಂದ ಬಂತು ಎಂದು ಹೇಳುವ ಸಣ್ಣ ಅಕ್ಷರಗಳನ್ನು ಓದಿ, ಆಮೇಲೆ ಕುಡಿಯಿರಿ.