ಅಂಕಿ ಹಾಕಿದ ಕಲ್ಲುಗಳು

ಶಿಷ್ಯ ಮಹಾಂತೇಶ ಕೇಳಿದ: "ಗುರುಗಳೇ, ನಮ್ಮೂರಿನ ಹಳೆಯ ಅರಮನೆಯ ಜಾಗದಲ್ಲಿ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಪಾರಂಪರಿಕ ಕಟ್ಟಡಗಳ ಸಮಿತಿಯಲ್ಲಿ ನಾನೂ ಇದ್ದೇನೆ. ದರ್ಬಾರು ಹಜಾರದ ಕಂಬಗಳನ್ನು ಜೋಪಾನವಾಗಿ ತೆಗೆದು ಹೊಸ ಕಟ್ಟಡದ ಮುಂದೆ ನಿಲ್ಲಿಸುತ್ತೇವೆ, ಒಪ್ಪಿಗೆ ಕೊಡಿ ಎನ್ನುತ್ತಿದ್ದಾರೆ. ಜನ ಎಷ್ಟು ಗಲಾಟೆ ಮಾಡಿದರೂ ಹೇಗೂ ಕೆಡವುತ್ತಾರೆ. ಕಂಬಗಳಾದರೂ ಉಳಿಯಲಿ ಎಂದು ಸಹಿ ಹಾಕಿದರೆ ತಪ್ಪೇ?"

ಗುರುಗಳ ಮುಖ ಕೆಂಪಾಯಿತು. "ಕೂತುಕೋ. ಸಿಟ್ಟಿನಲ್ಲೇ ಹೇಳುತ್ತೇನೆ. ಇದು ತಣ್ಣಗೆ ಹೇಳುವ ಕತೆಯಲ್ಲ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಹಳೆಯ ಕೋಟೆ ಬಾಗಿಲಿತ್ತು. ಅದನ್ನು ಕೆಡವಿ ಅಲ್ಲಿ ಹದಿನೆಂಟು ಅಂತಸ್ತು ಎಬ್ಬಿಸಬೇಕೆಂದು ಒಬ್ಬ ಬಿಲ್ಡರ್ ಬಂದ. ಕಾಗದಪತ್ರ ಹೇಗೆ ಹುಟ್ಟಿದವೋ, ಹುಟ್ಟಿದವು. ಅಂಥವರಿಗೆ ಅದೇನು ದೊಡ್ಡ ಕೆಲಸವಲ್ಲ. ಆದರೆ ಜನ ಬಾಗಿಲ ಮುಂದೆ ಚಪ್ಪರ ಹಾಕಿ ಕೂತುಬಿಟ್ಟರು. ನಲವತ್ತು ದಿನ ಕೆಡವುವ ಯಂತ್ರ ಒಂದಡಿ ಮುಂದೆ ಹೋಗಲಿಲ್ಲ.

ಆ ಊರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಕೋಟೆಯ ಕಲ್ಲು ಸಡಿಲವಾದಾಗಲೆಲ್ಲ ಕೂಡಿಸುತ್ತಿದ್ದವನು ಅವನೇ. ಅವನಿಗಿಂತ ಮುಂಚೆ ಅವನಪ್ಪ. ಊರಿಗೆ ಅವನ ಮೇಲೆ ನಂಬಿಕೆ. ಬಿಲ್ಡರ್ ಅವನ ಮನೆಗೇ ಹೋಗಿ ಕೈ ಮುಗಿದ. "ಯಜಮಾನರೇ, ಬಾಗಿಲು ಒಡೆದ ಪಾಪ ನನಗೆ ಬೇಡ. ನೀವೇ ಒಂದೊಂದು ಕಲ್ಲಿಗೂ ಅಂಕಿ ಹಾಕಿ ಬಿಚ್ಚಿಕೊಡಿ. ಕಟ್ಟಡ ಮುಗಿದ ಮೇಲೆ ಅಂಗಳದಲ್ಲಿ ನೀವೇ ನಿಂತು ಮತ್ತೆ ಕೂಡಿಸಿ" ಎಂದ. ಬೇರೆಯವರ ಕೈಗೆ ಸಿಕ್ಕಿ ಪುಡಿಯಾಗುವುದಕ್ಕಿಂತ ನನ್ನ ಕೈಯಲ್ಲಿ ಉಳಿಯಲಿ ಎಂದು ಕಲ್ಲುಕುಟಿಗ ಒಪ್ಪಿದ.

ಕೆಮ್ಮಣ್ಣು ಕಲಸಿ ಪ್ರತಿ ಕಲ್ಲಿನ ಮೇಲೂ ಯಾವ ಸಾಲು, ಎಷ್ಟನೆಯದು ಎಂದು ಬರೆದ. ಮೇಲಿನಿಂದ ಒಂದೊಂದಾಗಿ ಇಳಿಸಿದ. ಒಂದರ ಮೂಲೆಯೂ ಮುಕ್ಕಾಗಲಿಲ್ಲ. ಜನ ನೋಡಿದರು. ಇವನೇ ಅಂಕಿ ಹಾಕುತ್ತಿದ್ದಾನೆಂದ ಮೇಲೆ ಇನ್ನೇನು ಭಯ ಎಂದುಕೊಂಡು ಚಪ್ಪರ ಬಿಚ್ಚಿ ಮನೆಗೆ ಹೋದರು.

ಗೋದಾಮಿನಲ್ಲಿ ಇಡುತ್ತೇವೆಂದು ಕಲ್ಲುಗಳನ್ನು ಲಾರಿಗೆ ಹೇರಿದರು. ಗೋದಾಮೂ ಇರಲಿಲ್ಲ, ಎಂಥದೂ ಇರಲಿಲ್ಲ. ನಾಚಿಕೆಗೆಟ್ಟವರು! ಐದನೆಯ ಅಂತಸ್ತಿಗೆ ಕಾಂಕ್ರೀಟು ಹಾಕುವ ದಿನ ಕಲ್ಲುಕುಟಿಗ ಆ ಕಡೆ ಹೋದ. ಜಲ್ಲಿ ರಾಶಿಯಲ್ಲಿ ಒಂದು ಚೂರಿನ ಮೇಲೆ ಕೆಮ್ಮಣ್ಣು ಕಂಡಿತು. ಎತ್ತಿ ನೋಡಿದ. ಅವನೇ ಬರೆದ ಅಂಕಿಯ ಅರ್ಧ ಭಾಗ ಅದು.

"ಸ್ವಾಮಿ, ಇದು ನನ್ನ ಕೈಬರಹ" ಎಂದ. ಆ ಚೂರನ್ನು ಬಿಲ್ಡರ್‌ನ ಮುಖದ ಮುಂದೆ ಹಿಡಿದ.

ಬಿಲ್ಡರ್ ನಕ್ಕ. ಆ ನಗುವಿನ ಮಾತು ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ. "ಹಾಗಾದರೆ ನಿಮ್ಮ ಬಾಗಿಲು ಎಲ್ಲಿಗೂ ಹೋಗಿಲ್ಲವಲ್ಲ ಯಜಮಾನರೇ. ಇಲ್ಲೇ ಇದೆ. ಸ್ವಲ್ಪ ಮೇಲಕ್ಕೆ ಹೋಗಿದೆ, ಅಷ್ಟೆ" ಎಂದ.

ಕಲ್ಲುಕುಟಿಗ ಬೀದಿ ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡ. ಬನ್ನಿ, ಮತ್ತೆ ಕೂರೋಣ ಎಂದು ಕೂಗಿದ. ಬಿಚ್ಚಿಕೊಟ್ಟವನು ನೀನೇ ಅಲ್ಲವೇ ಎಂದು ಒಬ್ಬೊಬ್ಬರೂ ಮುಖ ತಿರುಗಿಸಿ ಒಳಗೆ ಹೋದರು. ಆಮೇಲೆ ಅವನು ಉಳಿ ಹಿಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತೇಶ ಮೆಲ್ಲಗೆ ಕೇಳಿದ: "ಮೋಸ ಮಾಡಿದವನು ಬಿಲ್ಡರ್. ಕಲ್ಲುಕುಟಿಗ ಬಾಗಿಲು ಉಳಿಸಲೆಂದೇ ಹೋದವನಲ್ಲವೇ?"

"ಅಯ್ಯೋ ಹುಚ್ಚಪ್ಪ, ಒಡೆಯುವುದಕ್ಕೆ ಯಂತ್ರ ಬಿಲ್ಡರ್ ಹತ್ತಿರ ಮೊದಲೇ ಇತ್ತು, ಅವನು ಕಲ್ಲುಕುಟಿಗನ ಮನೆಗೆ ಹೋದದ್ದು ಚಪ್ಪರ ಬಿಚ್ಚಿಸುವುದಕ್ಕೆ!"