ಬ್ಯಾರನ್ನಿನ ಬಿದಿರುಕೋಲು

ಹುಣಸೂರು ಸೀಮೆಯಲ್ಲಿ, ಒಲೆಯ ಕಾವಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ, ಮೂರು ತಲೆಮಾರು ಎಲೆಯ ಗೊಂಚಲು ಹೊತ್ತು ಕಪ್ಪಾದ ಬಿದಿರುಕೋಲೊಂದಿತ್ತು. ಬೆಂಕಿ ಹಾಕಿದ ಐದನೇ ದಿನ, ಗೋಡೆಗೆ ಹೊಸದಾಗಿ ಬಂದ ಥರ್ಮಾಮೀಟರು ಸಾರಿತು: "ಕಾವು ಪೂರ್ತಿಯಾಯಿತು. ಒಲೆ ಆರಿಸಲಿ."

"ಬೇಡ," ಎಂದಿತು ಕೋಲು. "ದಂಟಿನಲ್ಲಿ ಇನ್ನೂ ನೀರಿದೆ. ಈಗ ಇಳಿಸಿದರೆ ಸೊಪ್ಪೆಲ್ಲ ಬೂಷ್ಟು ಹಿಡಿಯುತ್ತದೆ."

"ಹೊರೆ ಹೊರುವ ನಿನಗೇನು ಗೊತ್ತು?"

ಅಷ್ಟರಲ್ಲಿ ಒಡತಿ ಕೆಂಪಾಜಮ್ಮ ಬಾಗಿಲು ತೆರೆದಳು. ಥರ್ಮಾಮೀಟರನ್ನೊಮ್ಮೆ ನೋಡಿದಳು. ಆಮೇಲೆ ಅತ್ತೆ ಕಲಿಸಿದಂತೆ ಕೋಲಿನ ತುದಿ ಎತ್ತಿ ತೂಗಿ, ಒಂದೆಲೆಯ ದಂಟು ಬಗ್ಗಿಸಿದಳು. ಅದು ಬಾಗಿತೇ ಹೊರತು ಲಟಕ್ಕನೆ ಮುರಿಯಲಿಲ್ಲ. "ಇನ್ನೊಂದು ದಿನ ಉರೀಲಿ ಕಣ್ರಪ್ಪಾ," ಎಂದು ಒಲೆಯವರಿಗೆ ಕೂಗಿದಳು.

ಥರ್ಮಾಮೀಟರು ಪೆಚ್ಚಾಯಿತು. "ನಿನಗೆ ಹೇಗೆ ತಿಳಿಯಿತು?"

"ನೀನು ಬಿಸಿ ಅಳೆದೆ," ಎಂದು ಕೋಲು ಬೀಗಿತು. "ಎಲೆ ಹೊತ್ತವನು ನಾನು. ಅದರ ಭಾರ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?"