ಹಿಮಗಾಳಿಯಲ್ಲಿ ಬಾಣಲೆಯ ಸದ್ದು

"ಗುರುಗಳೇ, ದೇವರ ಮುಂದೆ ಕೂತಾಗಲೆಲ್ಲ ನಾನು ನನ್ನ ಹೆಂಡತಿ, ನನ್ನ ಮಕ್ಕಳು ಅಂತಲೇ ಬೇಡಿಕೊಳ್ಳುತ್ತೇನೆ. ಲೋಕಕ್ಕೆ ಒಳ್ಳೆಯದಾಗಲಿ ಎಂದರೆ ಅದು ಬರೀ ಬಾಯಿಮಾತಾಗುತ್ತದೆ. ಇಂಥ ಸ್ವಾರ್ಥದ ಪ್ರಾರ್ಥನೆಯನ್ನು ಬಿಟ್ಟುಬಿಡುವುದೇ ಮೇಲಲ್ಲವೇ?" ಎಂದು ಗಂಗಣ್ಣನೆಂಬ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಬಿಡುವೆಯಂತೆ, ಅವಸರವೇನು? ಮೊದಲು ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಅಮೆರಿಕದ ಹುಲ್ಲುಬಯಲಿಗೆ ಹೊಸದಾಗಿ ಬಂದ ಒಂದು ಸಂಸಾರವಿತ್ತು. ಗಂಡ, ಹೆಂಡತಿ, ಒಂದು ಕೈಗೂಸು. ಅಲ್ಲಿ ಮರವಿಲ್ಲ, ಕಲ್ಲಿಲ್ಲ. ಹುಲ್ಲಿನ ಬೇರು ಸಮೇತ ಮಣ್ಣನ್ನು ಹೆಂಟೆಹೆಂಟೆಯಾಗಿ ಕಿತ್ತು ಗೋಡೆ ಕಟ್ಟಿಕೊಂಡಿದ್ದರು. ಪಕ್ಕದ ಮನೆ ಎಂದರೆ ದಿಬ್ಬದಾಚೆ ಇನ್ನೊಂದು ಮಣ್ಣಿನ ಮನೆ, ಅಷ್ಟೇ.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಗಂಡ ತಪ್ಪಿಸಿಕೊಂಡ ಎತ್ತನ್ನು ಹುಡುಕಲು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆಲ್ಲ ಹಿಮಗಾಳಿ ಎದ್ದಿತು. ಚಾಚಿದ ಕೈ ಕಾಣದಂಥ ಬಿಳಿ. ಅಂಥದರಲ್ಲಿ ದಾರಿ ತಪ್ಪಿದವನು ತನ್ನ ಅಂಗಳದಲ್ಲೇ ಸತ್ತುಬಿದ್ದದ್ದೂ ಉಂಟು. ಅವಳಿಗೆ ಅದು ಗೊತ್ತಿತ್ತು. ಕಬ್ಬಿಣದ ಬಾಣಲೆ ಹಿಡಿದು ಬಾಗಿಲಲ್ಲಿ ನಿಂತಳು, ಸೌಟಿನಿಂದ ಬಡಿದೇ ಬಡಿದಳು. ಆ ಸದ್ದು ಅವನ ಕಿವಿಗೆ ಬೀಳಬೇಕು, ಅವನು ಬರಬೇಕು. ಬೇರೇನೂ ಅವಳ ತಲೆಯಲ್ಲಿರಲಿಲ್ಲ.

ತೋಳು ಸೋತು ಇನ್ನೇನು ಬಿದ್ದುಹೋಗಬೇಕು ಎನ್ನುವಾಗ ಮೈಯೆಲ್ಲ ಹಿಮ ಹೊತ್ತ ಗಂಡಸೊಬ್ಬ ಬಂದ. "ಸಾಕು ಬಿಡೇ, ಬಂದೆ" ಎಂದ. ಮುಖ ಒರೆಸಿಕೊಂಡಾಗ ನೋಡಿದರೆ ದಿಬ್ಬದಾಚೆಯ ಮನೆಯವನು! ಅವನೂ ಹಿಮಗಾಳಿಗೆ ಸಿಕ್ಕಿ ದಾರಿ ತಪ್ಪಿದ್ದ; ತನ್ನ ಹೆಂಡತಿಯೇ ಬಡಿಯುತ್ತಿದ್ದಾಳೆಂದು ಸದ್ದು ಹಿಡಿದು ಬಂದಿದ್ದ.

ಅವಳಿಗೆ ಬಂದವನ ಮೇಲೇ ಸಿಟ್ಟು ಬಂತು, ಪಾಪ. "ನಾನು ನಿನ್ನನ್ನು ಕರೆಯಲಿಲ್ಲ ಕಣಪ್ಪಾ" ಎಂದು ಅತ್ತುಬಿಟ್ಟಳು. ಆಮೇಲೆ ತಾನೇ ಅವನನ್ನು ಒಲೆಯ ಹತ್ತಿರ ಕೂರಿಸಿ ಬಿಸಿ ಗಂಜಿ ಕೊಟ್ಟಳು. ಕೈಗೆ ಬಿಸಿ ಬಂದದ್ದೇ ಅವನು ಎದ್ದು, "ಕೊಡು ತಾಯಿ, ನೀನು ಕೂಸನ್ನು ನೋಡಿಕೋ" ಎಂದು ಬಾಣಲೆ ತೆಗೆದುಕೊಂಡ.

ಸಂಜೆ ಗಾಳಿ ನಿಂತಿತು. ದಿಬ್ಬವಿಳಿದು ಗಂಡ ನಡೆದು ಬಂದ.

"ಎಲ್ಲಿ ಹೋಗಿದ್ದೆ?" ಎಂದು ಅವಳು ಅಳುತ್ತಲೇ ಬೈದಳು.

"ನೀನು ಬಡಿಯುತ್ತಿದ್ದೀಯ ಅಂತ ಸದ್ದು ಹಿಡಿದು ಹೋದೆ ಕಣೇ. ನೋಡಿದರೆ ಇವರ ಮನೆ. ಇವರ ಹೆಂಡತಿ ತಗಡಿನ ಡಬ್ಬ ಬಡಿಯುತ್ತ ನಿಂತಿದ್ದರು." ನೆರೆಯವನ ಕಡೆ ತಿರುಗಿದ. "ಅವರು ಇನ್ನೂ ಬಡಿಯುತ್ತಲೇ ಇದ್ದಾರಪ್ಪಾ, ಬೇಗ ಹೋಗು."

ನೆರೆಯವನು ಬಾಣಲೆಯನ್ನು ಅಲ್ಲೇ ಬಿಟ್ಟು ಓಡಿದ.

ಗಂಗಣ್ಣ ಹಿಡಿದಿದ್ದ ಉಸಿರು ಬಿಟ್ಟ. "ಸದ್ಯ, ಇಬ್ಬರೂ ಉಳಿದರಲ್ಲ! ಆದರೂ ಗುರುಗಳೇ, ಆ ಹೆಂಗಸರು ಕರೆದದ್ದು ತಮ್ಮ ತಮ್ಮ ಗಂಡನನ್ನು ಮಾತ್ರ."

"ಹೌದಯ್ಯಾ. ನೀನು ನಿನ್ನ ಬಾಣಲೆಯನ್ನು ಕೆಳಗಿಟ್ಟುಬಿಟ್ಟರೆ, ನಾನು ಮನೆ ಸೇರುವುದು ಹೇಗೆ?"